ಬೀಗರ ಮ್ಯಾಲೆ ಕೇಸು

ಗಂಗಾವತಿ ಬಸ್ಸಿನ ಕಂಡಕ್ಟರ್ ಹನುಮೇಶನ ಕಿವಿ ಎಂಥವೆಂದರೆ, ಹಿಂದಿನ ಸೀಟಿನಲ್ಲಿ ಇರುವೆ ಸೀನಿದರೂ ಅವನಿಗೆ ಕೇಳಿಸುತ್ತದೆ. ಅಂದು ಅಲ್ಲಿ ಇಬ್ಬರು ಬೀಗರು ಕೂತಿದ್ದರು. ಕರಿಬಸಪ್ಪನ ಕಾಲಿಗೆ ಆನೆಗಾಲಿನಷ್ಟು ದಪ್ಪ ಪ್ಲಾಸ್ಟರು.

"ವಿರುಪಣ್ಣಾರ, ಬಸ್ ಹತ್ತಿಸೀರಿ ಖರೆ. ವಕೀಲರ ಮುಂದ ಸಹಿ ಮಾತ್ರ ಮಾಡಂಗಿಲ್ಲ."

"ನಿಮ್ಮ ಸೈಕಲ್ಲಿಗೆ ಗುದ್ದಿದ್ದು ನನ್ನ ಟ್ರ್ಯಾಕ್ಟರ್. ಕೇಸ್ ಹಾಕ್ರಿ, ಪರಿಹಾರ ಬರತೈತಿ."

"ಮಗಳನ್ನ ಕೊಟ್ಟ ಮನಿ ಮ್ಯಾಲೆ ಕೇಸ? ಊರಾಗ ಮಾರಿ ಹೆಂಗ ತೋರಿಸ್ಲಿ?"

"ರೊಕ್ಕ ಕೊಡಾವ್ರು ಇನ್ಶೂರೆನ್ಸ್‌ನವ್ರು, ನಾನಲ್ರಿ!"

"ಕಾಗದದಾಗ ನಿಮ್ಮ ಹೆಸರ ಇರತೈತಲ್ರಿ."

"ಬೀಗರ, ಕೈ ಮುಗೀತೀನಿ. ನೀವು ಕೇಸ್ ಹಾಕೋತನಕ ನಿಮ್ಮ ಮಗಳು ನನಗ ಚಾ ಕೊಡಂಗಿಲ್ಲಂತ. ಮೂರು ದಿನ ಆತು!"

ಕರಿಬಸಪ್ಪನ ನಗುವಿಗೆ ಬಸ್ಸಿನ ಗಾಜುಗಳೆಲ್ಲ ನಡುಗಿದವು.

"ನನ್ನ ಮಗಳು ಹಂಗಂದಾಳ? ಹಂಗಾರ ಹಾಕೂನು. ಆದ್ರ ಕೋರ್ಟಿನ ನೋಟಿಸು ಬರಿಗೈಲೆ ಬರಬಾರ್ದು. ಅದು ಬಂದ ದಿನ ನಾನೂ ಎಲಿ-ಅಡಿಕಿ ಹಿಡಕೊಂಡು ನಿಮ್ಮ ಮನಿಗೆ ಬರ್ತೀನಿ."

"ಬರ್ರಿ, ಹೋಳಿಗಿ ಮಾಡಸ್ತೀನಿ!"

ಸ್ಟಾಪು ಬಂತು. ಕೇಸು ಹಾಕುವವರು ಹಾಕಿಸಿಕೊಳ್ಳುವವರ ಹೆಗಲಿಗೆ ಜೋತುಬಿದ್ದು, ಕುಂಟುತ್ತ ವಕೀಲರ ಮೆಟ್ಟಿಲು ಹತ್ತಿದರು.