ಚಂದಯ್ಯನವರ ಹೆಬ್ಬೆರಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಮೀನು ಮಾರಾಟ ಬೇಗ ಮುಗಿಸಿ ಬಂದ ಅಕ್ಕಂದಿರೇ, ಸಭಿಕರೇ,

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಮೂವತ್ತೆರಡು ವರ್ಷ ಫಿಸಿಯೋಥೆರಪಿ ಮಾಡಿದ ಈ ವನಮಾಲಾಳ ಕೈಗುಣವನ್ನು ಈಗಷ್ಟೇ ಮೂವರು ಹೊಗಳಿದರು. ಮುಂದಿನ ಸಾಲಿನಲ್ಲಿರುವ ನಮ್ಮ ಯಜಮಾನರು, ಇದು ಯಾರ ವಿಷಯ ಎಂದು ಹಿಂದೆ ತಿರುಗಿ ನೋಡಿದರು. ಅವರ ಸೊಂಟನೋವು ಇನ್ನೂ ಹೋಗಿಲ್ಲ.

ಸನ್ಮಾನಕ್ಕೆ ಕೃತಜ್ಞಳು. ಆದರೆ ಕಳೆದ ವರ್ಷ ನಡೆದದ್ದನ್ನು ಹೇಳದೆ ಇಲ್ಲಿಂದ ಇಳಿಯಲಾರೆ.

ಸುಮಾರು ಹತ್ತು ವರ್ಷದ ಹಿಂದೆ ಮರವಂತೆಯ ಚಂದಯ್ಯನವರ ದೋಣಿ ಅಲೆಗೆ ಮಗುಚಿ, ಅದರ ಅಂಚು ಅವರ ಬೆನ್ನಿಗೆ ಬಡಿಯಿತು. ಬೆನ್ನುಹುರಿಗೆ ಪೆಟ್ಟು, ಸೊಂಟದಿಂದ ಕೆಳಗೆ ಚಲನೆಯಿಲ್ಲ. ಆರು ತಿಂಗಳು ಅವರ ಮನೆಗೆ ಹೋದೆ. ಕೊನೆಯ ದಿನ ಅವರ ಹೆಂಡತಿ ಕುಸುಮಾವತಿಗೆ ಹೇಳಿದೆ: "ಇನ್ ಕಾಲ್ ಬತ್ತಿಲ್ಲ. ಆಸೆ ಮಾಡ್ಬೇಡಿ." ನಿಜ ಹೇಳುವ ಧೈರ್ಯ ನನಗಿದೆ ಎಂದು ಅಂದು ಹೆಮ್ಮೆಪಟ್ಟಿದ್ದೆ.

ಎರಡು ತಿಂಗಳ ಬಳಿಕ ಆಕೆ ಬಸ್ಸು ಹತ್ತಿ ನನ್ನ ಕುಂದಾಪುರದ ಕ್ಲಿನಿಕ್ಕಿಗೆ ಬಂದಳು. "ಅಮ್ಮಾ, ಇವ್ರ್ ಕಾಲಿನ ಹೆಬ್ಬೆರಳ್ ಆಡತ್ತ್. ಒಂದ್ಸಲ ಬಂದ್ ಕಾಣಿ."

ಅದು ಬರೀ ನರದ ಸೆಳೆತ, ತಾನಾಗಿ ಆಗುವುದು ಎಂದೆ. ಹೊರಗೆ ರೋಗಿಗಳು ಕಾಯುತ್ತಿದ್ದರು. ಮರವಂತೆ ಎಷ್ಟು ದೂರ, ಸಭಿಕರೇ? ಇಪ್ಪತ್ತು ಕಿಲೋಮೀಟರ್. ನಾನು ಹೋಗಲಿಲ್ಲ.

ಕಳೆದ ವರ್ಷ, ದೂರದ ಆಸ್ಪತ್ರೆಯೊಂದರಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಹೊಸ ಚಿಕಿತ್ಸೆಯ ಪ್ರಯೋಗ ನಡೆಯುವುದು ತಿಳಿಯಿತು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಬೆನ್ನಿನ ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣಗೆ ವಿದ್ಯುತ್ ಹರಿಸುವುದು, ತಲೆಯ ಹತ್ತಿರ ಕಾಂತದ ಸುರುಳಿ ಹಿಡಿದು ಮೆದುಳನ್ನು ಎಚ್ಚರಿಸುವುದು, ಜೊತೆಗೆ ವ್ಯಾಯಾಮ. ಚಂದಯ್ಯ ನೆನಪಾದರು. ಅವರನ್ನೂ ಕುಸುಮಾವತಿಯನ್ನೂ ನಾನೇ ಕರೆದೊಯ್ದೆ.

ಅಲ್ಲಿನ ತರುಣ ವೈದ್ಯ ಗುರುಪ್ರಸಾದ್ ಮೊದಲು ಪರೀಕ್ಷೆ ಮಾಡಿದರು. "ಹೆಬ್ಬೆರಳು ಎತ್ತಿ." ಚಂದಯ್ಯ ಎತ್ತಿದರು. "ಇಳಿಸಿ." ಇಳಿಸಿದರು. "ಮತ್ತೆ ಎತ್ತಿ." ಎತ್ತಿದರು.

ಯಂತ್ರವನ್ನು ಇನ್ನೂ ಚಾಲೂ ಮಾಡಿರಲಿಲ್ಲ, ಸಭಿಕರೇ.

ಹೇಳಿದಂತೆ ಆಡುವ ಬೆರಳು ತಾನಾಗಿ ಆಗುವ ಸೆಳೆತವಲ್ಲ. ಯಾವಾಗಿನಿಂದ ಹೀಗೆ ಎಂದು ವೈದ್ಯರು ಕೇಳಿದರು.

"ಎಂಟ್ ವರ್ಷ ಆಯ್ತ್," ಎಂದಳು ಕುಸುಮಾವತಿ. "ಅಮ್ಮನಿಗ್ ಹೇಳಿದ್ದೆ. ಪಾಪ, ಅವ್ರಿಗ್ ಪುರ್ಸೊತ್ ಇರ್ಲಿಲ್ಲ."

ನನ್ನನ್ನು ದೂರಲಿಲ್ಲ, ನನ್ನ ಪರವಾಗಿಯೇ ಮಾತನಾಡಿದಳು. ಅದನ್ನು ಇವತ್ತಿಗೂ ನುಂಗಲಾಗಿಲ್ಲ.

ನಾಲ್ಕು ತಿಂಗಳ ಚಿಕಿತ್ಸೆಯಾಯಿತು. ಚಂದಯ್ಯ ಈಗ ಕಂಬಿ ಹಿಡಿದು ನಿಲ್ಲುತ್ತಾರೆ, ಆರು ಹೆಜ್ಜೆ ಇಡುತ್ತಾರೆ. ಅಂದೇ ವ್ಯಾಯಾಮ ಮುಂದುವರಿಸಿದ್ದರೆ ಎಷ್ಟು ನಡೆಯುತ್ತಿದ್ದರು ಎಂದು ವೈದ್ಯರನ್ನು ಕೇಳಿದೆ. "ಹೇಳಲಾಗದು, ಮೇಡಂ" ಎಂದರು. ಏನೂ ಆಗುತ್ತಿರಲಿಲ್ಲ ಎಂದಿದ್ದರೆ ನನಗೆ ಹಗುರವಾಗುತ್ತಿತ್ತು.

"ಆಸೆ ಮಾಡ್ಬೇಡಿ" ಎಂಬ ಅದೇ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿ ಬಂದಿದ್ದೇನೆ? ಕಳೆದ ವಾರ ಬಿಜೂರಿಗೆ ಹೋದೆ. ತೆಂಗಿನಮರದಿಂದ ಬಿದ್ದಿದ್ದ ದೇವು ಅವರ ಮನೆ. ಅವರ ತಾಯಿ ಅಂಗಳದಲ್ಲಿದ್ದರು.

"ಈಗ ಬಂದ್ರ್ಯಾ ಅಮ್ಮ? ಅವ ಹೋಯಿ ಎರಡ್ ವರ್ಷ ಆಯ್ತ್."

ಕೂರಲು ಕುರ್ಚಿ ತಂದರು. ನಾನು ಕೂರಲಿಲ್ಲ.

ನಾನು ಅದೇ ಮಾತು ಹೇಳಿ ಬಂದಿದ್ದ ತೆಕ್ಕಟ್ಟೆಯ ರತ್ನ ಬದುಕಿದ್ದಾರಂತೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಡುವೆ ಎದ್ದು ಹೋಗದೆ ಕೇಳಿದ ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.