ಮರಳು ನೋಡಿದ ಮುಖ

ನಂಜನಗೂಡು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ, ನನ್ನ ಪಕ್ಕದಲ್ಲೇ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಚಿಕ್ಕಬಸಮ್ಮ, ನಿನ್ನೆ ಟೀವಿ ಸೀರಿಯಲ್ನಲ್ಲಿ ನಿನ್ನ ನೋಡ್ದೆ ಕಣವ್ವ. ಮಗಳ ದೋಣಿ ದೂರ ಓಯ್ತಿತ್ತು, ನೀನು ನೋಡ್ತಾ ನಿಂತಿದ್ದೆ. ನಂಗೆ ಅಳು ತಡೀನಿಲ್ಲ.”

“ಅಲ್ಲಿ ದೋಣೀನೇ ಇರ್ನಿಲ್ಲ ಮಂಗಳಮ್ಮ. ತಲಕಾಡಲ್ಲಿ ಬರೀ ಮರಳು ನೋಡ್ಕೊಂಡು ನಿಂತ್ಕೊ, ಅಳಬ್ಯಾಡ ಅಂದ್ರು ಡೈರೆಕ್ಟ್ರು.”

“ಮತ್ತೆ ದೋಣಿ?”

“ಬ್ಯಾರೆ ದಿನ ತೆಗ್ದು, ನನ್ನ ಮೊಕ ಆದ್ಮೇಲೆ ಸೇರ್ಸವ್ರೆ.”

“ಸುಮ್ನೆ ನಿಂತವಳ ಮೊಕದಲ್ಲಿ ಅಷ್ಟು ಸಂಕಟ ಎಲ್ಲಿಂದ ಬಂತು?”

“ನಂಗೂ ಅದೇ ಸೋಜಿಗ. ನಮ್ ಮಗಳು ರಂಜಿನಿ ಸತ್ತಾಗ ನಾನು ಅಳ್ನಿಲ್ಲ ಅಂತ ಜನ ಆಡ್ಕೊಂಡ್ರು. ನಿನ್ನೆ ನಮ್ಮೆಜಮಾನ್ರು ಟೀವಿ ನೋಡ್ತಾ ನನ್ನ ಕೈ ಇಡ್ಕೊಂಡ್ರು. ‘ಅವತ್ತೂ ನಿನ್ನ ಮೊಕ ಇಂಗೇ ಇತ್ತು, ನಾನೇ ನೋಡ್ನಿಲ್ಲ’ ಅಂದ್ರು.”

ಹುಲ್ಲಹಳ್ಳಿ ಬಸ್ಸು ಬಂತು. ಮಂಗಳಮ್ಮ ಇಬ್ಬರ ಚೀಲವನ್ನೂ ತಾನೇ ಎತ್ತಿಕೊಂಡು ಹತ್ತಿದಳು.