ಕಿರುಬೆರಳಿನ ಟ್ಯೂನಿಗೆ ಬಿದ್ದ ಸುಳ್ಳು ಸಹಿ

ಹೆಸರು: ಗುರುತಿನ ಚೀಟಿಯಲ್ಲಿ ಇರುವಂತೆ. ಎಲ್ಲರೂ ಕರೆಯುವುದು ಪಿಟೀಲಕ್ಕ ಎಂದು
ವಯಸ್ಸು: 46 ವರ್ಷ
ಕಸುಬು: ಪಿಟೀಲು ನುಡಿಸುವುದು ಮತ್ತು ಕಲಿಸುವುದು
ವಿಳಾಸ: ಸೇತುವೆ ಪಕ್ಕದ ಬೀದಿ, ಟೈಲರ್ ಅಂಗಡಿಯ ಮೇಲೆ, ಎರಡನೇ ಮಹಡಿ

ಮೇಲ್ಕಂಡ ವಿಳಾಸದಲ್ಲಿ ವಾಸವಿರುವ ನಾನು ಈ ದಿನ ಬೆಳಿಗ್ಗೆ 9.30ಕ್ಕೆ ಠಾಣೆಗೆ ಖುದ್ದಾಗಿ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವುದೇನೆಂದರೆ:

ನಾನು ಇಪ್ಪತ್ತಮೂರು ವರ್ಷಗಳಿಂದ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಪಿಟೀಲು ನುಡಿಸುತ್ತಿದ್ದೇನೆ. ನಮಗೆ ದುಡ್ಡು ಕೊಡುವುದು ಕಾಲ್‌ಶೀಟಿನ ಲೆಕ್ಕದಲ್ಲಿ. ಒಂದು ಕಾಲ್‌ಶೀಟ್ ಎಂದರೆ ನಾಲ್ಕು ಗಂಟೆ. ನುಡಿಸಿ, ವೋಚರಿಗೆ ಸಹಿ ಹಾಕಿ, ಕವರ್ ತೆಗೆದುಕೊಂಡು ಬಂದರೆ ಅಲ್ಲಿಗೆ ನಮ್ಮ ಋಣ ಮುಗಿಯಿತು. ಹಾಡು ಆಮೇಲೆ ಊರನ್ನೆಲ್ಲ ಕುಣಿಸಿದರೂ ನುಡಿಸಿದವರಿಗೆ ಇನ್ನೊಂದು ಕಾಸು ಬರುವುದಿಲ್ಲ. ಟ್ಯೂನ್ ಕಟ್ಟಿದವರ ಮಾತು ಬೇರೆ. ಅದು ಟಿವಿಯಲ್ಲಿ, ರೇಡಿಯೋದಲ್ಲಿ, ಮೊಬೈಲಿನಲ್ಲಿ ಕೇಳಿಬಂದಷ್ಟು ಸಲವೂ ಅವರ ಹೆಸರಿಗೆ ರಾಯಲ್ಟಿ ಜಮಾ ಆಗುತ್ತದೆ. ತಿಂಗಳಿಗೆ ಎಂಟೋ ಹತ್ತೋ ಕಾಲ್‌ಶೀಟ್, ಮನೆಗೆ ಬರುವ ಆರು ಮಂದಿ ಶಿಷ್ಯರು, ಇಷ್ಟೇ ನನ್ನ ಆದಾಯ.

ಐದು ವರ್ಷಗಳ ಹಿಂದೆ ನನ್ನ ಶಿಷ್ಯೆಯೊಬ್ಬಳ ಎಡಗೈ ಕಿರುಬೆರಳು ತೀರಾ ಸೋಮಾರಿಯಾಗಿತ್ತು. ಅದಕ್ಕೆ ಬಲ ಬರಲೆಂದು ನಲವತ್ತು ಸೆಕೆಂಡಿನ ಒಂದು ಟ್ಯೂನ್ ಕಟ್ಟಿದೆ. ಅವಳ ನೋಟ್‌ಬುಕ್ಕಿನಲ್ಲಿ ಸ್ವರಗಳನ್ನು ಬರೆದು, ದಿನಾಂಕ ಹಾಕಿ, ದಿನಕ್ಕೆ ಇಪ್ಪತ್ತು ಸಲ ನುಡಿಸಬೇಕೆಂದು ಹೇಳಿದೆ. ಆ ಬೆರಳು ಎರಡು ತಿಂಗಳಲ್ಲಿ ಸರಿಹೋಯಿತು.

ಮೂರು ವರ್ಷಗಳ ಹಿಂದೆ ಮಾರ್ಚ್ 11ರಂದು ನಾನು ಒಂದು ಸ್ಟುಡಿಯೋದಲ್ಲಿ ನುಡಿಸಲು ಹೋಗಿದ್ದೆ. ಅದರ ಮಾಲೀಕರನ್ನು ಎಲ್ಲರೂ ಸೌಂಡಣ್ಣ ಎನ್ನುತ್ತಾರೆ. ಅವರು ಜಾಹೀರಾತುಗಳಿಗೆ ಸಂಗೀತ ಮಾಡಿಕೊಡುವವರು. ಕೆಲಸ ಮುಗಿಯಲು ಇಪ್ಪತ್ತು ನಿಮಿಷ ಉಳಿದಿತ್ತು. ಚಿಕ್ಕದಾಗಿ, ಚೊಕ್ಕದಾಗಿ ಏನಾದರೂ ಇದೆಯೇ ಎಂದು ಅವರು ಕೇಳಿದರು. ನಾನು ಕಿರುಬೆರಳಿನ ಟ್ಯೂನ್ ನುಡಿಸಿದೆ. ಅವರು ಮೈಕ್ ಆನ್ ಮಾಡಿಸಿ ಇನ್ನೊಮ್ಮೆ ನುಡಿಸಲು ಹೇಳಿದರು. "ಅಕ್ಕಾ, ಇದು ಎಲ್ಲಾದ್ರೂ ಹೋದ್ರೆ ನಿಮ್ಮ ಹೆಸ್ರಲ್ಲೇ ಹೋಗುತ್ತೆ, ಬಂದಿದ್ರಲ್ಲಿ ಅರ್ಧ ನಿಮ್ದು" ಎಂದರು. ಕಾಗದ ಪತ್ರ ಏನೂ ಆಗಲಿಲ್ಲ. ಆ ದಿನದ ಕಾಲ್‌ಶೀಟ್ ಬಾಬ್ತು ಸಾವಿರದ ಎಂಟುನೂರು ಮಾತ್ರ ಪಡೆದು ಬಂದೆ.

ಈ ವರ್ಷ ಜೂನ್ 4ರಂದು ಬೆಳಿಗ್ಗೆ ಸುಮಾರು 10.20ಕ್ಕೆ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ನಿಂತಿದ್ದವರ ಮೊಬೈಲಿನಲ್ಲಿ ಒಂದು ಸೋಪಿನ ಜಾಹೀರಾತು ಬಂತು. ಅದರಲ್ಲಿ ಕೇಳಿಸಿದ್ದು ನನ್ನ ಟ್ಯೂನ್, ನನ್ನದೇ ಪಿಟೀಲು. ಟ್ಯೂನಿನ ಮೂರನೇ ಸಾಲಿನಲ್ಲಿ ನಾನು ಕಮಾನನ್ನು ಕೊಂಚ ಒತ್ತಿದ್ದು ಕೂಡ ಹಾಗೆಯೇ ಇತ್ತು. ಪಾಸ್‌ಬುಕ್ ಹಿಡಿದಿದ್ದ ನನ್ನ ಕಿರುಬೆರಳು ತಾನಾಗಿ ಆಡತೊಡಗಿತು. ಆ ಜಾಹೀರಾತು ಎಷ್ಟು ದಿನದಿಂದ ಬರುತ್ತಿದೆ ಎಂದು ಕೇಳಿದೆ. ಅವರು ನಗುತ್ತಾ, "ಎಲ್ಲಿದ್ರಿ ಮೇಡಂ? ಒಂದು ವರ್ಷದಿಂದ ನಮ್ಮನೆ ಮಗು ಇದಿಲ್ದೆ ಊಟಾನೇ ಮಾಡಲ್ಲ" ಎಂದರು. ನನ್ನ ಸರದಿ ಬಂದರೂ ನಾನು ಮುಂದೆ ಹೋಗದೆ ನಿಂತಿದ್ದರಿಂದ ಹಿಂದಿನವರು ಮುಂದಾದರು.

ಜೂನ್ 7ರಂದು ಬೆಳಿಗ್ಗೆ 11 ಗಂಟೆಗೆ, ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಘದ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತೆ ಕಂಪ್ಯೂಟರ್ ನೋಡಿ, ಆ ಟ್ಯೂನ್ ಸೌಂಡಣ್ಣನವರೊಬ್ಬರದೇ ಹೆಸರಿನಲ್ಲಿದೆ, ಹದಿನಾಲ್ಕು ತಿಂಗಳಲ್ಲಿ ಆರು ಲಕ್ಷ ನಲವತ್ತು ಸಾವಿರ ಸಂದಾಯವಾಗಿದೆ ಎಂದು ತಿಳಿಸಿದರು. ನಾನು ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ ಅವರ ಬಳಿ ಇತ್ತು. ಅದರ ನಕಲು ಕೊಟ್ಟರು. ಅದರಲ್ಲಿ ನನ್ನ ಸಹಿ ಇತ್ತು, ದಿನಾಂಕ ಹೋದ ವರ್ಷಕ್ಕೂ ಹಿಂದಿನ ವರ್ಷದ ಸೆಪ್ಟೆಂಬರ್ 19.

ಆ ವರ್ಷ ಸೆಪ್ಟೆಂಬರ್ 2ರಂದು ನಾನು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದೆ. ಅಕ್ಟೋಬರ್ 14ರವರೆಗೆ ಮೊಣಕೈಯಿಂದ ಬೆರಳ ತುದಿವರೆಗೆ ಪ್ಲಾಸ್ಟರ್ ಇತ್ತು. ಸಹಿ ಹಾಕುವುದಿರಲಿ, ತುತ್ತು ಎತ್ತಲೂ ಆಗುತ್ತಿರಲಿಲ್ಲ. ಆ ಆರು ವಾರ ನನಗೆ ಅನ್ನ ಕಲಸಿಕೊಟ್ಟು, ತಲೆ ಬಾಚಿದವನು ನನ್ನ ತಮ್ಮ. ಜಡೆ ಹಾಕಲು ಬಾರದೆ ಹಗ್ಗ ಹೊಸೆದಂತೆ ಹೊಸೆಯುತ್ತಿದ್ದ. ಸದರಿ ಪತ್ರದಲ್ಲಿ ನನ್ನ ಸಹಿಯ ಕೆಳಗೆ ಸಾಕ್ಷಿ ಎಂದು ಸಹಿ ಹಾಕಿರುವವನೂ ಅವನೇ.

ನನ್ನ ತಮ್ಮನಿಗೆ 39 ವರ್ಷ. ಗಿಟಾರ್ ನುಡಿಸುತ್ತಾನೆ. ಹೆಚ್ಚಿನ ಕೆಲಸವೆಲ್ಲ ಸೌಂಡಣ್ಣನವರ ಸ್ಟುಡಿಯೋದಲ್ಲೇ. ನಾನಿರುವ ಕಟ್ಟಡದ ಮೊದಲ ಮಹಡಿಯಲ್ಲಿ ಹೆಂಡತಿ, ಮಗಳೊಂದಿಗೆ ಇದ್ದಾನೆ. ಜೂನ್ 7ರಂದೇ ಮಧ್ಯಾಹ್ನ 1.15ಕ್ಕೆ ಅವನ ಮನೆಗೆ ಹೋಗಿ ನಕಲನ್ನು ಮುಂದಿಟ್ಟೆ. ಅವನು ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದ. ತಲೆ ಎತ್ತಲಿಲ್ಲ. ನನ್ನ ಕೈಗೆ ಪ್ಲಾಸ್ಟರ್ ಇದ್ದದ್ದು ಮರೆತುಹೋಗಿತ್ತೇ ಎಂದು ಕೇಳಿದೆ.

"ಮರ್ತಿರ್ಲಿಲ್ಲ ಅಕ್ಕಾ. ಗೊತ್ತಿದ್ದೇ ಹಾಕ್ದೆ. ನಿನ್ ಸಹಿ ಮೊದ್ಲೇ ಇತ್ತು. ನೀನು ಹಾಕಿದ್ದಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಕ್ಷಿ ಹಾಕದಿದ್ರೆ ನಾಳೆಯಿಂದ ಬರ್ಬೇಡ ಅಂದ್ರು. ನಿನ್ ಕೈ ಮುರಿದಿತ್ತು, ಎರಡು ಮನೆಗೂ ನಂದೊಂದೇ ದುಡಿಮೆ" ಎಂದನು. ಸಹಿ ಹಾಕಿದ್ದಕ್ಕೆ ನಾಲ್ಕು ಕಾಲ್‌ಶೀಟಿನ ಹಣ ಮುಂಗಡ ಸಿಕ್ಕಿತೆಂದೂ, ಅದನ್ನು ನನ್ನ ಕೈಯ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಕಟ್ಟಿದನೆಂದೂ ಹೇಳಿದನು. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನಾನು ನಕಲನ್ನು ಎತ್ತಿಕೊಂಡು ಮೇಲೆ ಹೋದೆ. ಸಂಜೆ ಬಂದ ಇಬ್ಬರು ಶಿಷ್ಯರನ್ನು ಪಾಠ ಮಾಡದೆ ಕಳುಹಿಸಿದೆ. ಇಪ್ಪತ್ತಮೂರು ವರ್ಷದಲ್ಲಿ ಕೈ ನೆಟ್ಟಗಿರುವಾಗ ಹಾಗೆ ಕಳುಹಿಸಿದ್ದು ಅದೇ ಮೊದಲು.

ಜೂನ್ 10ರಂದು ಸಂಜೆ 4.30ಕ್ಕೆ ಸೌಂಡಣ್ಣನವರ ಸ್ಟುಡಿಯೋಗೆ ಹೋಗಿ, ಪತ್ರದ ನಕಲು ತೋರಿಸಿದೆ. ಅವರು ನನಗೆ ಚಹಾ ತರಿಸಿದರು. ಅದೊಂದು ಬೆರಳಿನ ಕಸರತ್ತು, ತಾವು ತಾಳ ಸೇರಿಸಿ, ಅಲಂಕಾರ ಮಾಡಿದ್ದರಿಂದಲೇ ಅದು ಸಂಗೀತವಾಯಿತು ಎಂದರು. ಕಸರತ್ತಿಗೆ ಆರು ಲಕ್ಷ ಯಾರು ಕೊಡುತ್ತಾರೆ ಎಂದು ಕೇಳಿದೆ. ಆಗ ಮೇಜಿನ ಖಾನೆಯಿಂದ ಒಂದು ಕವರ್ ತೆಗೆದು, ಐವತ್ತು ಸಾವಿರ ಇದೆ, ವರ್ಷವಿಡೀ ಕೆಲಸ ಕೊಡುತ್ತೇನೆ, ಇಲ್ಲಿಗೆ ಮುಗಿಸೋಣ ಎಂದರು. ನಾನು ಕವರ್ ಮುಟ್ಟಲಿಲ್ಲ. "ನೀವು ಅರ್ಧ ಅಂದಿದ್ರಿ, ಅರ್ಧ ಸಾಕು. ಹೆಸ್ರು ಮಾತ್ರ ಪೂರ್ತಿ ಬೇಕು" ಎಂದೆ.

"ಠಾಣೆಗೆ ಹೋಗ್ತೀರಾ? ಹೋಗಿ. ನನ್ ಕೈಗೆ ಬೇಡಿ ಬೀಳೋಕ್ ಮುಂಚೆ ನಿಮ್ ತಮ್ಮನ ಕೈಗೆ ಬೀಳುತ್ತೆ. ಒಡಹುಟ್ಟಿದವನನ್ನ ಒಳಗೆ ಹಾಕಿಸಿ ಪಿಟೀಲು ಬಾರಿಸ್ತಾ ಕೂತ್ಕೊಳ್ಳಿ" ಎಂದರು. ಆಗ ಅಲ್ಲಿ ರೆಕಾರ್ಡಿಂಗ್ ಮಾಡುವ ಎಂಜಿನಿಯರ್ ಕೂಡ ಇದ್ದರು. ಅವರು ನೆಲ ನೋಡುತ್ತಾ ಕೂತಿದ್ದರು. ನಾನು ಹೊರಗೆ ಬಂದೆ. ಬಸ್ ಬಂದರೂ ಹತ್ತಬೇಕೆನಿಸದೆ ಮನೆವರೆಗೆ ಎರಡೂವರೆ ಕಿಲೋಮೀಟರ್ ನಡೆದೆ. ಮರುದಿನ ಬೆಳಿಗ್ಗೆ ಬೇರೆ ಎರಡು ಸ್ಟುಡಿಯೋಗಳಿಂದ ಫೋನ್ ಬಂತು. ಒಪ್ಪಿಕೊಂಡಿದ್ದ ಮೂರು ಕಾಲ್‌ಶೀಟ್ ರದ್ದಾಗಿವೆ ಎಂದರು. ಕಾರಣ ಹೇಳಲಿಲ್ಲ.

ಜೂನ್ 12ರಂದು ಬೆಳಿಗ್ಗೆ ಆ ಕಿರುಬೆರಳಿನ ಶಿಷ್ಯೆಯ ತಾಯಿ, ಟ್ಯೂನ್ ಬರೆದಿದ್ದ ಹಳೆಯ ನೋಟ್‌ಬುಕ್ ಹುಡುಕಿ ತಂದುಕೊಟ್ಟರು. ಅದೇ ದಿನ ರಾತ್ರಿ 8 ಗಂಟೆಗೆ ತಮ್ಮನ ಮನೆಗೆ ಇಳಿದುಹೋದೆ. ಐದು ದಿನದಿಂದ ನಮ್ಮಲ್ಲಿ ಮಾತಿರಲಿಲ್ಲ. ನಾಡಿದ್ದು ದೂರು ಕೊಡುತ್ತೇನೆ, ನಿನ್ನ ಬೆನ್ನ ಹಿಂದೆ ಹೋಗಬಾರದೆಂದು ಹೇಳಲು ಬಂದೆ, ನಿನ್ನ ಹೆಸರು ಮುಚ್ಚಿಟ್ಟು ಈ ಕಥೆ ಹೇಳಲು ನನಗೆ ಬರುವುದಿಲ್ಲ ಎಂದೆ. ಅವನು ಊಟ ಆಯಿತೇ ಎಂದು ಕೇಳಿದನು. ಆಗಿಲ್ಲ ಎಂದೆ. ಅವನ ಹೆಂಡತಿ ಇನ್ನೊಂದು ತಟ್ಟೆ ಹಾಕಿದಳು.

ಈ ದಿನ ಬೆಳಿಗ್ಗೆ 8.50ಕ್ಕೆ ನಾನು ಮೆಟ್ಟಿಲಿಳಿದು ಬರುವಾಗ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದನು. ಇಬ್ಬರೂ ಒಟ್ಟಿಗೆ ಬಂದೆವು. ಅವನು ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಅವನೂ ಹೇಳಿಕೆ ಕೊಡುತ್ತಾನೆ.

ಸೌಂಡಣ್ಣ ಎಂಬುವವರು ನನ್ನ ಸಹಿಯನ್ನು ನಕಲು ಮಾಡಿ, ಅಥವಾ ಮಾಡಿಸಿ, ನನ್ನ ಟ್ಯೂನಿನ ಹೆಸರನ್ನೂ ಹಣವನ್ನೂ ತಮ್ಮದಾಗಿಸಿಕೊಂಡಿದ್ದಾರೆ. ತನಿಖೆ ಮಾಡಿ ಕಾನೂನು ಕ್ರಮ ಕೈಗೊಳ್ಳಬೇಕು. ಆಸ್ಪತ್ರೆಯ ಚೀಟಿ, ನೋಟ್‌ಬುಕ್ ಮತ್ತು ಪತ್ರದ ನಕಲನ್ನು ಹಾಜರುಪಡಿಸಿದ್ದೇನೆ.

ಇಷ್ಟು ಬರೆದುಕೊಂಡ ಮೇಲೆ ಹೆಡ್ ಕಾನ್‌ಸ್ಟೇಬಲ್ ಅವರು ಪೆನ್ನು ಕೆಳಗಿಟ್ಟು, ಸಾಕ್ಷಿಯ ವಿಚಾರವನ್ನು ಸದ್ಯ ಬಿಟ್ಟರೂ ದೂರು ನಿಲ್ಲುತ್ತದೆ, ಒಮ್ಮೆ ಯೋಚಿಸಿ ಎಂದರು. ನಾನು ಹೊರಗೆ ಹೋಗಿ ತಮ್ಮನನ್ನು ಕೇಳಿದೆ. "ಬರೀಲಿ ಅಕ್ಕಾ. ನಿನ್ ಸಹಿ ಸುಳ್ಳು, ನಂದು ನಿಜ. ನಿಜವಾದದ್ದನ್ನ ಬಿಟ್ಟು ದೂರು ಹೆಂಗ್ ಕೊಡ್ತೀಯ?" ಎಂದನು. ಆದ ಕಾರಣ ಅವನ ಸಾಕ್ಷಿ ಸಹಿಯ ವಿಚಾರವನ್ನೂ ಬಿಡದೆ ಬರೆಸಿದ್ದೇನೆ.

ಈ ಹೇಳಿಕೆಯನ್ನು ನನಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಒಂದು ಮಾತನ್ನೂ ಕೂಡಿಸಿಲ್ಲ, ಕಳೆದಿಲ್ಲ. ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಜೂನ್ 14, ಬೆಳಿಗ್ಗೆ 11.50

(ಸಹಿ)
ದೂರುದಾರರು